ಹೊಳೆಬಾಗಿಲಿನ ಲಾಂಚು

2025ನೆಯ ಇಸವಿ ಜುಲೈ ತಿಂಗಳ 14ನೆಯ ತಾರೀಖು ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ ಒಂದು ಸೇತುವೆಯು ಸಂಚಾರಕ್ಕೆ ತೆರೆಯಿತು. ಅಂಬಾರಗೋಡ್ಲು ಎಂಬ ಹಳ್ಳಿಯಿಂದ ಕಳಸವಳ್ಳಿ ಎಂಬ ಹಳ್ಳಿಯವರೆಗೆ, ಶರಾವತಿಯ ಹಿನ್ನೀರಿನ ಮೇಲೆ, ಸುಮಾರು 2.44 ಕಿಲೋಮೀಟರು ಉದ್ದವಾಗಿ ಅದು ನಿಂತಿದೆ. ಸಿಗಂದೂರಿನ ಚೌಡೇಶ್ವರಿಯ ದರ್ಶನಕ್ಕೆ ಹೋಗುವವರೆಲ್ಲ ಅಲ್ಲಿಯವರೆಗೆ ಆ ನೀರನ್ನು ಲಾಂಚಿನಲ್ಲಿ ದಾಟುತ್ತಿದ್ದರು. ಜನರನ್ನೂ ಕಾರುಗಳನ್ನೂ ಬಸ್ಸುಗಳನ್ನೂ ಒಂದೇ ಹಲಗೆಯ ಮೇಲೆ ಹೊತ್ತು ಸಾಗಿಸುತ್ತಿದ್ದ ಆ ಲಾಂಚಿನ ಅಗತ್ಯವು ಆ ದಾರಿಯಲ್ಲಿ ಅಂದಿಗೆ ತೀರಿತು. ಸೇತುವೆಗೆ ಕಲ್ಲಿನ ಶಾಸನವುಂಟು, ಉತ್ಸವವುಂಟು. ದೋಣಿಗೆ ಅವೊಂದೂ ಇಲ್ಲ. ಆದುದರಿಂದ ಅದರ ಚರಿತ್ರೆಯನ್ನು ನಾಲ್ಕು ಮಾತಿನಲ್ಲಿ ಬರೆದಿಡಬೇಕೆಂದು ನಮಗೆ ತೋರಿತು. ಬೆಂಗಳೂರಿನ ಹಲಸೂರಿನಲ್ಲಿ ಕುಳಿತವರಿಗೆ ಮಲೆನಾಡಿನ ದೋಣಿಯ ಚಿಂತೆಯೇತಕ್ಕೆ ಎಂದು ವಾಚಕರು ಕೇಳಬಹುದು. ಸಂಬಂಧವುಂಟು, ಅದು ನಾವೂ ನೀವೂ ದಿನವೂ ಸಂಜೆ ಒತ್ತುವ ದೀಪದ ಗುಂಡಿಯಲ್ಲಿದೆ.

ಮೊದಲು ಹೊಳೆಯ ವಿಷಯ. ಶರಾವತಿಯು ತೀರ್ಥಹಳ್ಳಿಯ ಸಮೀಪದ ಅಂಬುತೀರ್ಥದಲ್ಲಿ ಹುಟ್ಟುವುದು. ವನವಾಸಕಾಲದಲ್ಲಿ ಸೀತಾದೇವಿಗೆ ಬಾಯಾರಿಕೆಯಾಗಲು ಶ್ರೀರಾಮನು ನೆಲಕ್ಕೆ ಬಾಣವನ್ನು ಹೊಡೆದು ನೀರನ್ನು ತರಿಸಿದನೆಂದೂ, ಶರದಿಂದ ಹುಟ್ಟಿದುದರಿಂದ ಹೊಳೆಗೆ ಆ ಹೆಸರು ಬಂದಿತೆಂದೂ ಸ್ಥಳಪುರಾಣವು ಹೇಳುತ್ತದೆ. ಸಂಸ್ಕೃತವನ್ನೋದಿದವರು, ಶರವೆಂದರೆ ಜೊಂಡುಹುಲ್ಲು ಎಂದೂ ಅರ್ಥವಾಗುವುದೆಂದು ನೆನಪಿಸುವರು; ಶರವತಿಯೆಂದಾಗಬೇಕಾದ ಹೆಸರು ಶರಾವತಿಯೆಂದು ದೀರ್ಘವಾಗುವುದಕ್ಕೆ ಪಾಣಿನಿಯು ಒಂದು ಸೂತ್ರವನ್ನೇ ಮಾಡಿದ್ದಾನೆ. ಅಮರಕೋಶದಲ್ಲಿ ದೇಶಗಳ ಎಲ್ಲೆಯಾಗಿ ಹೇಳಿರುವ ಶರಾವತಿಯು ಬೇರೆ, ಅದು ಉತ್ತರದೇಶದ ನದಿ. ನಮ್ಮದು ಸಹ್ಯಾದ್ರಿಯ ಹೊಳೆ. ಸುಮಾರು 128 ಕಿಲೋಮೀಟರು ಹರಿದು, ನಡುವೆ ಜೋಗದಲ್ಲಿ 830 ಅಡಿಗಳ ಆಳಕ್ಕೆ ಧುಮುಕಿ, ಹೊನ್ನಾವರದ ಬಳಿ ಸಮುದ್ರವನ್ನು ಸೇರುವುದು. ಒಮ್ಮೆಗೇ ಅಷ್ಟು ಆಳಕ್ಕೆ ಬೀಳುವ ನೀರನ್ನು ಕಂಡರೆ ಕವಿಗೆ ಕವಿತೆಯು ಹೇಗೆ ಸ್ಫುರಿಸುವುದೋ ಇಂಜಿನಿಯರಿಗೆ ವಿದ್ಯುತ್ತು ಹಾಗೆಯೇ ಸ್ಫುರಿಸುವುದು.

ಬೆಂಗಳೂರಿಗೆ ವಿದ್ಯುದ್ದೀಪವು ಬಂದುದು 1905ರಲ್ಲಿ. ಅದು ಶಿವನಸಮುದ್ರದ ಶಕ್ತಿ, ಕಾವೇರಿಯ ಕೊಡುಗೆ. ಊರು ಬೆಳೆಯಿತು, ಕಾರ್ಖಾನೆಗಳು ಬಂದುವು, ಕಾವೇರಿಯೊಂದೇ ಸಾಲದೆ ಹೋಯಿತು. ಆಗ ಮೈಸೂರು ಸಂಸ್ಥಾನವು ಶರಾವತಿಗೆ ಹಿರೇಭಾಸ್ಕರದಲ್ಲಿ ಒಂದು ಕಟ್ಟೆಯನ್ನು ಹಾಕಿ, ಜೋಗದ ಕೆಳಗೆ ವಿದ್ಯುದಾಗಾರವನ್ನು ಕಟ್ಟಿತು. ಅದು 1948ರಲ್ಲಿ ಕೆಲಸಕ್ಕೆ ತೊಡಗಿತು. ಮಹಾತ್ಮಾ ಗಾಂಧಿಯವರ ಹೆಸರನ್ನು ಅದಕ್ಕೆ ಇಟ್ಟರು. ಅದೇ 1948ರಲ್ಲಿ ಇತ್ತ ನಮ್ಮ ಪೂರ್ವದಿಕ್ಕಿನ ಕೃಷ್ಣರಾಜಪುರದಲ್ಲಿ ಟೆಲಿಫೋನ್ ಕಾರ್ಖಾನೆಯಾದ ಐಟಿಐ ಸ್ಥಾಪಿತವಾಯಿತು. ವಿಮಾನಗಳ ಕಾರ್ಖಾನೆಯಾದ ಎಚ್‌ಎಎಲ್ ಅದಕ್ಕೂ ಮೊದಲು, 1940ರಲ್ಲಿಯೇ, ಹಲಸೂರಿನ ಆಚೆಯ ಬಯಲಿಗೆ ಬಂದಿದ್ದಿತು. ಕಾರ್ಖಾನೆಗಳ ಸಿಳ್ಳಿಗೆ ಏಳುವ, ಮಲಗುವ ಬಡಾವಣೆಗಳು ಇಲ್ಲಿ ಹುಟ್ಟಿದುವು. ನಾಡಿಗೆ ಇನ್ನೂ ಶಕ್ತಿ ಬೇಕಾಯಿತು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಸಿದ್ಧವಾಯಿತು. ಹಿರೇಭಾಸ್ಕರದ ಹಳೆಯ ಕಟ್ಟೆಯೇ ಈ ಹೊಸ ಜಲಾಶಯದಲ್ಲಿ ಮುಳುಗಿತೆಂದರೆ ಇದರ ವಿಸ್ತಾರವನ್ನು ಊಹಿಸಿಕೊಳ್ಳಬಹುದು. ಸಮುದ್ರಮಟ್ಟದಿಂದ 1819 ಅಡಿಯವರೆಗೆ ನೀರು ನಿಲ್ಲುವ ಈ ಜಲಾಶಯವನ್ನು ನೆಚ್ಚಿಕೊಂಡು ಶರಾವತಿಯ ವಿದ್ಯುದಾಗಾರವು 1035 ಮೆಗಾವಾಟು ಶಕ್ತಿಯನ್ನು ಉತ್ಪಾದಿಸಬಲ್ಲುದು. ಯಾವ ಮನೆಯ ದೀಪಕ್ಕೆ ಯಾವ ಹೊಳೆಯ ಶಕ್ತಿ ಬಂದಿತೆಂದು ತಂತಿಯನ್ನು ಕೇಳಲಾಗದು, ದಿಟ. ಆದರೆ ಅನೇಕ ವರ್ಷಗಳ ಕಾಲ ಕನ್ನಡನಾಡಿನ ದೀಪಗಳನ್ನು ಉರಿಸಿದುದರಲ್ಲಿ ಶರಾವತಿಯದು ಹಿರಿಯ ಪಾಲು. ಶಿವಾಜಿನಗರದ ಅಂಗಡಿಬೀದಿಯೂ ಇಂದಿರಾನಗರದ ಮಹಡಿಮನೆಗಳೂ ಆ ಋಣದಿಂದ ಹೊರತಾದುವಲ್ಲ.

ನೀರು ಏರಿದ ಕಡೆಯಲ್ಲಿ ಏನಾಯಿತು? ಗದ್ದೆ, ಅಡಿಕೆಯ ತೋಟ, ಮನೆ, ದೇವಸ್ಥಾನ, ದಾರಿ ಎಲ್ಲವೂ ಮುಳುಗಿದುವು. ಬಹುಮಂದಿ ಗಂಟುಮೂಟೆಯನ್ನು ಕಟ್ಟಿಕೊಂಡು ಬೇರೆ ಊರುಗಳಿಗೆ ಹೋದರು. ಹೀಗೆ ಹೋದವರು ತಾವು ಉತ್ತ ನೆಲದ ಹಕ್ಕುಪತ್ರಕ್ಕಾಗಿ ಅರ್ಧ ಶತಮಾನವು ಕಳೆದ ಮೇಲೆಯೂ ಹೋರಾಡಬೇಕಾಯಿತು. ಆ ನೋವನ್ನು ಸಾಗರದ ನಾ. ಡಿಸೋಜಾ ಅವರು 'ದ್ವೀಪ' ಮುಂತಾದ ಕಾದಂಬರಿಗಳಲ್ಲಿ ಬರೆದರು. 'ದ್ವೀಪ'ವನ್ನು ಗಿರೀಶ ಕಾಸರವಳ್ಳಿಯವರು 2002ರಲ್ಲಿ ಚಲನಚಿತ್ರವಾಗಿಯೂ ಮಾಡಿದರು. ಹೋದವರ ಕಥೆಯು ಹೀಗಾದರೆ, ಹೋಗದೆ ಉಳಿದವರ ಕಥೆಯು ಇನ್ನೊಂದು. ತುಮರಿಯ ಸುತ್ತಮುತ್ತಣ ಕರೂರು ಹೋಬಳಿಯ ಹಳ್ಳಿಗಳು ಮುಳುಗಲಿಲ್ಲ. ಆದರೆ ಅವುಗಳಿಗೂ ಸಾಗರ ಪಟ್ಟಣಕ್ಕೂ ನಡುವೆ ಇದ್ದ ನೆಲವು ನೀರಾಯಿತು. ಒಂದು ಕಡೆ ಕಡಲಿನಂತಹ ಹಿನ್ನೀರು, ಮತ್ತೊಂದು ಕಡೆ ಶರಾವತಿ ಕಣಿವೆಯ ಕಾಡು. ಕಚೇರಿ, ಕಾಲೇಜು, ದೊಡ್ಡ ಆಸ್ಪತ್ರೆ, ಸಂತೆ ಎಲ್ಲವೂ ನೀರಿನ ಆಚೆಗೆ ಉಳಿದುವು. ನೆಲದ ಮೇಲೆಯೇ ಹೋಗುವೆನೆಂದರೆ ಕಾಡಿನ ದಾರಿಯಲ್ಲಿ ಬಹುದೂರ ಸುತ್ತಬೇಕು. ಹೀಗಾಗಿ ಲಾಂಚು ಬಂದಿತು. ನದಿಯನ್ನು ದಾಟಲು ಸಾಧಾರಣವಾಗಿ ಮನುಷ್ಯನು ದೋಣಿಯನ್ನು ಮಾಡುವನು. ಇಲ್ಲಿಯಾದರೋ ಮನುಷ್ಯನೇ ನೀರನ್ನು ನಿಲ್ಲಿಸಿ, ಆ ಮೇಲೆ ಅದನ್ನು ದಾಟಲು ದೋಣಿಯನ್ನು ತಂದನು.

ಅಂಬಾರಗೋಡ್ಲಿನ ದಡದಲ್ಲಿ ಲಾಂಚು ಬಂದು ನಿಲ್ಲುವ ಎಡೆಗೆ ಹೊಳೆಬಾಗಿಲು ಎಂದು ಹೆಸರು. ಲಾಂಚೆಂಬುದು ಚಪ್ಪಟೆಯಾದ ಕಬ್ಬಿಣದ ಹಲಗೆ; ಅದಕ್ಕೆ ಎಂಜಿನ್ನು. ದಡಕ್ಕೆ ತಾಗಿದೊಡನೆ ಮುಂದಣ ಕಬ್ಬಿಣದ ಬಾಗಿಲನ್ನು ನೆಲಕ್ಕೆ ಇಳಿಸುವರು. ಅದೇ ಮೆಟ್ಟಿಲು, ಅದೇ ರಸ್ತೆ. ಮೊದಲು ಒಳಗಿನವರು ಇಳಿಯಬೇಕು, ಆ ಮೇಲೆ ಹೊರಗಿನ ವಾಹನಗಳು ಒಂದೊಂದಾಗಿ ಏರಬೇಕು. ಯಾವ ಬಸ್ಸು ಎಲ್ಲಿ, ಯಾವ ಕಾರು ಎಲ್ಲಿ ಎಂಬುದನ್ನು ಸಿಬ್ಬಂದಿಯವರು ಕೈಸನ್ನೆಯಿಂದಲೇ ತಿಳಿಸುವರು. ಭಾರವು ಒಂದು ಕಡೆಗೆ ವಾಲದಂತೆ ನೋಡುವುದೇ ಅವರ ವಿದ್ಯೆ. ನಾವು ಹಿಂದೊಮ್ಮೆ ಮನೆಯವರೊಡನೆ ಅದರಲ್ಲಿ ದಾಟಿದ್ದೆವು. ಎಂಜಿನ್ನಿನ ಸದ್ದು, ಡೀಸೆಲಿನ ವಾಸನೆ, ಸುತ್ತಲೂ ಹಸುರು ಗುಡ್ಡಗಳ ನೆರಳನ್ನು ಹೊತ್ತ ನೀರು. ನೀರಿನಿಂದ ಮೇಲಕ್ಕೆ ಎದ್ದಿರುವ ಒಣಮರಗಳ ತುದಿಗಳು. ಮಕ್ಕಳು ಕಂಬಿಯನ್ನು ಹಿಡಿದು ನಲಿಯುತ್ತಿದ್ದರು. ಯಾತ್ರಿಕರು ಪಟವನ್ನು ತೆಗೆದುಕೊಳ್ಳುತ್ತಿದ್ದರು. ಆ ಒಣಮರಗಳು ಯಾರ ಹಿತ್ತಿಲಿನವು ಎಂದು ಅವರಲ್ಲಿ ಯಾರೂ ಕೇಳಲಿಲ್ಲ. ಕೇಳಬೇಕೆಂದು ತೋಚುವಂತಹ ಹೊತ್ತೂ ಅದಾಗಿರಲಿಲ್ಲ.

ನಮ್ಮ ಪಕ್ಕದಲ್ಲಿ ತುಮರಿಯ ಕಡೆಯ ಒಬ್ಬ ವೃದ್ಧೆ ಕುಳಿತಿದ್ದರು. ಸಾಗರದ ಆಸ್ಪತ್ರೆಯಿಂದ ಮರಳಿ ಬರುತ್ತಿದ್ದರು. ಕೈಯಲ್ಲಿ ಔಷಧದ ಚೀಲ. "ಬಹಳ ಸೊಗಸಾದ ಪ್ರಯಾಣವಮ್ಮಾ ಇದು" ಎಂದು ನಾವು ಮಾತು ತೆಗೆದೆವು. ಆಕೆಯು ನಕ್ಕರು. "ಸೊಗಸು ಹೌದು ಮೇಷ್ಟ್ರೇ, ವರ್ಷಕ್ಕೊಂದು ಸಲ ಬಂದರೆ. ನಮಗೆ ಇದು ಬಾಗಿಲು. ಸಂಜೆ ಆದಮೇಲೆ ಈ ಬಾಗಿಲು ಹಾಕ್ತಾರೆ. ಆಮೇಲೆ ಮನೇಲಿ ಯಾರಿಗೂ ಕಾಯಿಲೆ ಬರಬಾರದು, ಹೆರಿಗೆ ನೋವು ಬರಬಾರದು. ಬಂದರೆ ಬೆಳಗಾಗೋವರೆಗೆ ದೇವರೇ ಕಾಯಬೇಕು" ಎಂದರು. ಕೋಪದಿಂದ ಹೇಳಿದ ಮಾತಲ್ಲ. ಮನೆಯ ಮುಂದಣ ಏರುದಾರಿಯ ವಿಷಯವನ್ನು ಹೇಳುವಷ್ಟು ಸಹಜವಾಗಿ ಹೇಳಿದರು. ಹೊಳೆಬಾಗಿಲು ಎಂಬ ಹೆಸರಿಗೆ ಅಷ್ಟು ಸರಿಯಾದ ವ್ಯಾಖ್ಯಾನವನ್ನು ನಾವು ಬೇರೆಲ್ಲಿಯೂ ಕೇಳಿಲ್ಲ.

ರೋಗಿಯೂ ಗರ್ಭಿಣಿಯೂ ಕಡವಿನಲ್ಲಿ ಕಾಯಬಾರದೆಂಬ ಯೋಚನೆಯು ಇಂದಿನದಲ್ಲ. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ತಾಳೆಯೋಲೆಯಲ್ಲಿ ಕಂಡು 1909ರಲ್ಲಿ ಅಚ್ಚುಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಾವಧ್ಯಕ್ಷನೆಂಬ ಅಧಿಕಾರಿಯ ವಿಷಯವಾಗಿ ಒಂದು ಅಧ್ಯಾಯವೇ ಇದೆ. ದೋಣಿಯ ಕೂಲಿಯ ದರಪಟ್ಟಿಯನ್ನು ಅಲ್ಲಿ ಕಾಣಬಹುದು. ಹೊರೆಯೊಡನೆ ಬಂದ ಮನುಷ್ಯನಿಗೆ ಒಂದು ಮಾಷಕ, ಹಸುವಿಗೂ ಕುದುರೆಗೂ ಎರಡು, ಎಮ್ಮೆಗೂ ಒಂಟೆಗೂ ನಾಲ್ಕು, ಸಣ್ಣ ಬಂಡಿಗೆ ಐದು, ದೊಡ್ಡ ಗಾಡಿಗೆ ಏಳು. ಮಹಾನದಿಗಳಲ್ಲಿ ಇದರ ಎರಡರಷ್ಟು. ಅಂದರೆ ಜನರನ್ನೂ ವಾಹನಗಳನ್ನೂ ಒಟ್ಟಿಗೆ ಸಾಗಿಸುವ ದೋಣಿಯು ನಮ್ಮ ದೇಶಕ್ಕೆ ಹೊಸದಲ್ಲ. ಈ ಪಟ್ಟಿಗಿಂತಲೂ ಮುಖ್ಯವಾದುದು ಅದರ ವಿನಾಯಿತಿ. ಬಾಲರು, ವೃದ್ಧರು, ರೋಗಿಗಳು, ಗರ್ಭಿಣಿಯರು ಮೊದಲಾದವರನ್ನು ನಾವಧ್ಯಕ್ಷನ ಮುದ್ರೆಯೊಂದರ ಮೇಲೆಯೇ ದಾಟಿಸಬೇಕೆಂದು ಅಲ್ಲಿ ವಿಧಿಸಿದೆ. ಆಳುಗಳೂ ಸಲಕರಣೆಗಳೂ ಸಾಲದೆ, ಅಥವಾ ದುರಸ್ತಿಯಿಲ್ಲದೆ, ದೋಣಿಯು ಕೆಟ್ಟರೆ ಆದ ನಷ್ಟವನ್ನು ನಾವಧ್ಯಕ್ಷನೇ ತೆರಬೇಕೆಂದೂ ಇದೆ. ಸುಮಾರು ಎರಡು ಸಾವಿರ ವರ್ಷಗಳ ಹಿಂದಣ ಕಾನೂನು ಇದು. ದಾಟಿಸುವವನಿಗೆ ಕೂಲಿಯನ್ನು ಪಡೆಯುವ ಹಕ್ಕಿನಷ್ಟೇ ದಾಟುವವನ ಕ್ಷೇಮದ ಹೊಣೆಯೂ ಉಂಟೆಂಬುದು ಅದರ ತಿರುಳು.

ಈ ಹೊಣೆಯು ಎಷ್ಟು ದೊಡ್ಡದೆಂಬುದನ್ನು ಉತ್ತರದ ಶೀತಸಮುದ್ರಗಳ ಜನರು ಬಹಳ ಬೆಲೆಯನ್ನು ಕೊಟ್ಟು ಕಲಿತರು. ಅಲ್ಲಿ ಕಾರುಗಳು ತಮ್ಮ ಚಕ್ರಗಳ ಮೇಲೆಯೇ ಒಳಹೊಕ್ಕು, ಆಚೆಯ ದಡದಲ್ಲಿ ಹಾಗೆಯೇ ಹೊರಬೀಳುವ ದೊಡ್ಡ ಹಡಗುಗಳುಂಟು. ರೋ-ರೋ ನೌಕೆಗಳೆಂದು ಅವನ್ನು ಕರೆಯುವರು. ಗೋಡೆಗಳಿಲ್ಲದ ಒಂದೇ ದೊಡ್ಡ ಕೊಟ್ಟಿಗೆಯಂತೆ ಇರುವ ಅದರ ವಾಹನಗಳ ಅಂತಸ್ತಿನಲ್ಲಿ ನೀರು ಹೊಕ್ಕರೆ ಅಪಾಯವು ಕ್ಷಣಮಾತ್ರದ್ದು. ಅಗಲವಾದ ಹರಿವಾಣದಲ್ಲಿ ನೀರನ್ನು ತುಂಬಿ ಎತ್ತಿದ ಗೃಹಿಣಿಗೆ ಇದರ ಕಾರಣವು ತಿಳಿದೇ ಇದೆ: ಹರಿವಾಣವು ಕೊಂಚ ಓರೆಯಾದರೆ ನೀರೆಲ್ಲ ಅದೇ ಕಡೆಗೆ ಓಡಿ, ಇನ್ನಷ್ಟು ಓರೆಮಾಡುವುದು. 1953ರ ಜನವರಿ 31ರಂದು ಸ್ಕಾಟ್ಲೆಂಡಿಗೂ ಐರ್ಲೆಂಡಿಗೂ ನಡುವೆ ಬಿರುಗಾಳಿಯ ಅಲೆಗಳು ಪ್ರಿನ್ಸೆಸ್ ವಿಕ್ಟೋರಿಯಾ ನೌಕೆಯ ಹಿಂಬಾಗಿಲನ್ನು ಒಡೆದುವು. 130ಕ್ಕೂ ಹೆಚ್ಚು ಮಂದಿ ಮಡಿದರು, ಹೆಂಗಸರು ಮಕ್ಕಳಲ್ಲಿ ಒಬ್ಬರೂ ಉಳಿಯಲಿಲ್ಲ. 1987ರಲ್ಲಿ ಬೆಲ್ಜಿಯಮ್ಮಿನ ಬಂದರಿನ ಮುಂದೆ ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್ ಎಂಬ ನೌಕೆಯು ಮುಂಬಾಗಿಲನ್ನು ಮುಚ್ಚದೆಯೇ ಹೊರಟು ಮಗುಚಿತು. 193 ಪ್ರಾಣಗಳು ಹೋದುವು. 1994ರ ಸೆಪ್ಟೆಂಬರ್ 28ರ ರಾತ್ರಿ ಬಾಲ್ಟಿಕ್ ಸಮುದ್ರದಲ್ಲಿ ಎಸ್ಟೋನಿಯಾ ನೌಕೆಯ ಮುಂಬಾಗಿಲು ಕಳಚಿಬಿದ್ದು 852 ಮಂದಿ ನೀರುಪಾಲಾದರು. ಮೂರು ಸಲವೂ ಅನರ್ಥವು ಬಂದುದು ಬಾಗಿಲಿನ ಮೂಲಕವೇ.

ನಮ್ಮ ಹಿನ್ನೀರಿನಲ್ಲಿ ಅಂತಹ ಅಲೆಗಳಿಲ್ಲ. ಲಾಂಚಿನ ಹಲಗೆಯೂ ತೆರೆದುದು. ಇಲ್ಲಿಯ ಕಷ್ಟವು ಬೇರೆ ಬಗೆಯದು. ಬೇಸಗೆಯಲ್ಲಿ ವಿದ್ಯುತ್ತಿಗಾಗಿ ನೀರನ್ನು ಬಿಟ್ಟಂತೆಲ್ಲ ಹಿನ್ನೀರು ಇಳಿಯುವುದು. ದಡವು ಹಿಂದಕ್ಕೆ ಸರಿದು ಲಾಂಚಿನ ಬಾಗಿಲು ನೆಲಕ್ಕೆ ತಾಗದಾಗುವುದು. 2023ರಲ್ಲಿ ಮಳೆಯು ತಡವಾದಾಗ ಜೂನ್ ತಿಂಗಳಲ್ಲಿ ವಾಹನಗಳನ್ನು ಸಾಗಿಸುವುದನ್ನೇ ನಿಲ್ಲಿಸಬೇಕಾಯಿತು. ದೀಪವು ಹೆಚ್ಚಾಗಿ ಉರಿದ ವರ್ಷ ದೋಣಿಯು ಬೇಗ ನಿಂತಿತೆಂದರೆ, ಪಟ್ಟಣದ ಬೆಳಕಿಗೂ ಆ ಹಳ್ಳಿಗಳ ದಾರಿಗೂ ಇದ್ದ ನಂಟು ಎಷ್ಟು ಹತ್ತಿರದ್ದೆಂಬುದು ತಿಳಿಯುವುದು. ಇಂತಹ ದಿನಗಳಲ್ಲಿಯೂ, ಮಳೆಗಾಲದ ಗಾಳಿಯಲ್ಲಿಯೂ, ಜಾತ್ರೆಯ ನೂಕುನುಗ್ಗಲಿನಲ್ಲಿಯೂ ಲಾಂಚನ್ನು ನಡೆಸಿದ ಸಿಬ್ಬಂದಿಯವರನ್ನು ಆ ಕಡೆಯ ಜನರು ಮನೆಯವರಂತೆ ಕಂಡರು. ಯಾರ ಮಗಳ ಮದುವೆ, ಯಾರ ಮಗನ ಪರೀಕ್ಷೆ, ಯಾರು ಕಾಯಿಲೆಯಿಂದ ಮಲಗಿದ್ದಾರೆ ಎಂಬುದೆಲ್ಲ ದಿನವೂ ಎರಡು ದಡಗಳನ್ನು ಕಾಣುವವರಿಗೆ ತಿಳಿಯದೆ ಇರುವುದೆ?

ದೋಣಿಯು ಹೋಗಿ ಸೇತುವೆಯು ಬಂದ ಕಥೆಗಳಲ್ಲಿ ಇನ್ನೊಂದನ್ನು ಇಲ್ಲಿ ನೆನೆಯಬೇಕು. ಸ್ಕಾಟ್ಲೆಂಡಿನಲ್ಲಿ ಫೋರ್ತ್ ನದಿಯ ಅಳಿವೆಯನ್ನು ದಾಟಲು ಹನ್ನೊಂದನೆಯ ಶತಮಾನದಲ್ಲಿ ಮಾರ್ಗರೆಟ್ ಎಂಬ ರಾಣಿಯು ಯಾತ್ರಿಕರಿಗಾಗಿ ದೋಣಿಯ ಏರ್ಪಾಡನ್ನು ಮಾಡಿದಳು. ರಾಣಿಯ ಕಡವು ಎಂಬರ್ಥದ ಕ್ವೀನ್ಸ್‌ಫೆರಿ ಎಂಬ ಹೆಸರು ಆ ದಡದ ಊರುಗಳಿಗೆ ಇಂದಿಗೂ ಉಳಿದಿದೆ. ರೈಲಿಗೆ ಅಲ್ಲಿ 1890ರಲ್ಲಿಯೇ ಸೇತುವೆಯಾಯಿತು; ಕಾರುಗಳಾದರೋ ದೋಣಿಗಾಗಿಯೇ ಕಾಯಬೇಕಾಗಿತ್ತು. 1934ರಲ್ಲಿ ಕಾರುಗಳನ್ನು ಹೊರುವ ಹೊಸ ನೌಕೆಗಳನ್ನು ಅಲ್ಲಿಗೆ ತಂದಾಗ ಅವುಗಳಲ್ಲಿ ಒಂದಕ್ಕೆ ಆ ರಾಣಿಯ ಹೆಸರನ್ನೇ ಇಟ್ಟರು. ಕಡೆಗೆ 1964ರ ಸೆಪ್ಟೆಂಬರ್ 4ರಂದು ರಸ್ತೆಯ ಸೇತುವೆಯು ತೆರೆಯಿತು, ಕಾರುಗಳ ಕಾಯುವಿಕೆಯು ಮುಗಿಯಿತು. ಅಲ್ಲಿ ಯಾತ್ರಿಕರ ದೋಣಿಯನ್ನು ಸೇತುವೆಯು ಬಿಡುಗಡೆ ಮಾಡಿದ ಆ 1964ರಲ್ಲಿಯೇ ಇಲ್ಲಿ ಲಿಂಗನಮಕ್ಕಿಯ ಕಟ್ಟೆಯು ಸಿದ್ಧವಾಗಿ, ದೋಣಿಯಿಲ್ಲದೆ ಬಾಳಲಾಗದ ಊರುಗಳು ಹೊಸದಾಗಿ ಹುಟ್ಟಿದುವು. ಅವರ ಕಾಯುವಿಕೆಯು ಮುಗಿದಲ್ಲಿ ನಮ್ಮವರದು ಮೊದಲಾಯಿತು. ಅದು ಮುಗಿಯಲು ಅರವತ್ತೊಂದು ವರ್ಷಗಳು ಹಿಡಿದುವು.

ಹೊಸ ಸೇತುವೆಗೆ 2018ರಲ್ಲಿ ಶಂಕುಸ್ಥಾಪನೆಯಾಯಿತು. ಸುಮಾರು 473 ಕೋಟಿ ರೂಪಾಯಿ ವೆಚ್ಚವಾಯಿತು. ಅದರ ನಡುಭಾಗವು ಎತ್ತರವಾದ ಕಂಬಗಳಿಂದ ಓರೆಯಾಗಿ ಇಳಿಬಿಟ್ಟ ಉಕ್ಕಿನ ತಂತಿಗಳ ಆಧಾರದಲ್ಲಿದೆ. ಬೆಂಗಳೂರಿನ ಪೂರ್ವಭಾಗದವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಕೃಷ್ಣರಾಜಪುರದ ರೈಲುದಾರಿಯ ಮೇಲೆ 2003ರಿಂದ ನಿಂತಿರುವ ತೂಗುಸೇತುವೆಯೂ ಅದೇ ಜಾತಿಯದು. ಅಲ್ಲಿ ಅದು ರೈಲುಹಳಿಗಳನ್ನು ದಾಟಿಸುವುದು, ಇಲ್ಲಿ ಇದು ಮುಳುಗಿದ ಊರುಗಳನ್ನು ದಾಟಿಸುವುದು.

ಸೇತುವೆಯಾದ ಮೇಲೆ ಸಿಗಂದೂರಿಗೆ ಹೋಗಿಬಂದ ಇಂದಿರಾನಗರದ ನಮ್ಮ ಪರಿಚಿತರೊಬ್ಬರು, "ದರ್ಶನವೇನೋ ಬೇಗ ಆಯಿತು, ಆದರೆ ಲಾಂಚಿನ ಆ ಮೋಜು ಹೋಯಿತು" ಎಂದು ಪೇಚಾಡಿಕೊಂಡರು. ಈ ಮಾತನ್ನು ಹಲವರ ಬಾಯಲ್ಲಿ ಕೇಳುತ್ತೇವೆ. ಸೊಗಸಾದುದು ಮರೆಯಾದರೆ ಮರುಗುವುದು ಮನುಷ್ಯಸ್ವಭಾವ, ಅದನ್ನು ತಪ್ಪೆನ್ನಲಾಗದು. ಆದರೆ ನಮಗೆ ಇಪ್ಪತ್ತು ನಿಮಿಷಗಳ ಮೋಜಾಗಿದ್ದುದು ಇನ್ನೊಬ್ಬರಿಗೆ ಅರವತ್ತು ವರ್ಷಗಳ ಬಂಧನವಾಗಿತ್ತು. ನೀರನ್ನು ದಾಟುವುದಕ್ಕೆ ಕೊಡುವ ಕೂಲಿಗೆ ಸಂಸ್ಕೃತದಲ್ಲಿ ಆತರವೆಂದೂ ತರಪಣ್ಯವೆಂದೂ ಹೆಸರುಗಳುಂಟು. ಯಾತ್ರಿಕರಾದ ನಾವು ಲಾಂಚಿನಲ್ಲಿ ಕೊಟ್ಟುದು ಕೆಲವು ರೂಪಾಯಿಗಳ ಚೀಟಿಯ ಹಣ. ತುಮರಿಯವರು ಕೊಟ್ಟುದು ಕಾಲೇಜನ್ನು ಬಿಟ್ಟ ಹೆಣ್ಣುಮಕ್ಕಳನ್ನು, ದಡದಲ್ಲಿ ಬೆಳಗನ್ನು ಕಾದ ರೋಗಿಗಳನ್ನು, ಹೆಣ್ಣನ್ನು ಕೊಡಲು ಹಿಂಜರಿದ ಬೀಗರನ್ನು. ಆ ಕೂಲಿಯನ್ನು ಅವರು ತೆತ್ತುದು ತಮ್ಮ ಪ್ರಯಾಣಕ್ಕಾಗಿ ಮಾತ್ರವಲ್ಲ, ನಾಡಿನ ಬೆಳಕಿಗಾಗಿ. ಆದುದರಿಂದ ಸೇತುವೆಯನ್ನು ಅವರಿಗೆ ಮಾಡಿದ ಉಪಕಾರವೆಂದು ಹೇಳುವುದು ಸಲ್ಲದು. ಅದು ಸಾಲವನ್ನು ತೀರಿಸಿದುದು, ಅದೂ ತಡವಾಗಿ.

ಇದನ್ನು ಈಗ ಹೇಳುವುದಕ್ಕೆ ಇನ್ನೂ ಒಂದು ಕಾರಣವುಂಟು. ನಮ್ಮ ಊರಿನ ಬಾಯಾರಿಕೆಯು ದಿನೇ ದಿನೇ ಬೆಳೆಯುತ್ತಿದೆ. 2019ರಲ್ಲಿ ಲಿಂಗನಮಕ್ಕಿಯ ನೀರನ್ನೇ ಬೆಂಗಳೂರಿಗೆ ತರುವ ಯೋಚನೆಯು ಹೊರಬಿದ್ದಾಗ ಶಿವಮೊಗ್ಗ ಜಿಲ್ಲೆಯವರು ಜುಲೈ ತಿಂಗಳಲ್ಲಿ ಬಂದ್ ಆಚರಿಸಿ ತಮ್ಮ ವಿರೋಧವನ್ನು ತಿಳಿಸಿದರು. ಬೆಳಕನ್ನು ಕೊಟ್ಟವರು ನೀರನ್ನೂ ಕೊಡಲೆಂದರೆ ಯಾರಿಗಾದರೂ ಮನಸ್ಸು ನೋಯದೆ ಇರದು. ಪಟ್ಟಣಕ್ಕೆ ನೀರು ಬೇಡವೆಂದು ನಾವು ಹೇಳಲಾರೆವು. ಕೊಡವನ್ನು ಹಿಡಿದು ಸಾಲಿನಲ್ಲಿ ನಿಲ್ಲುವ ಹೆಂಗಸರನ್ನು ನಮ್ಮ ಬೀದಿಗಳಲ್ಲಿಯೂ ಕಂಡಿದ್ದೇವೆ. ಆದರೆ ಯಾವ ಹೊಳೆಯಿಂದಲಾದರೂ ಏನನ್ನಾದರೂ ತರುವ ಮೊದಲು, ಮಳೆಯ ನೀರನ್ನು ಹಿಡಿದಿಡುವುದು, ಹಲಸೂರಿನ ಕೆರೆಯಂತಹ ನಮ್ಮ ಕೆರೆಗಳನ್ನು ಕಾಪಾಡಿಕೊಳ್ಳುವುದು ನಮ್ಮ ಕೈಯಲ್ಲಿಯೇ ಇದೆ. ಅದೂ ಸಾಲದಾದರೆ ದಡದವರನ್ನು ಮೊದಲು ಕೇಳಬೇಕು. ಅವರಿಗೆ ಸಲ್ಲಬೇಕಾದುದನ್ನು ಅರವತ್ತು ವರ್ಷಗಳ ಮೇಲಲ್ಲ, ಮೊದಲೇ ಸಲ್ಲಿಸಬೇಕು.

ಸಿಗಂದೂರಿಗೆ ಇನ್ನು ಮುಂದೆ ಹೋಗುವವರು ಸೇತುವೆಯ ಮೇಲೆ ನಿಮಿಷಗಳಲ್ಲಿ ದಾಟುವರು. ಒಳ್ಳೆಯದು, ಹಾಗೆಯೇ ಆಗಲಿ. ಜೊತೆಯಲ್ಲಿ ಮಕ್ಕಳಿದ್ದರೆ, ಈ ನೀರಿನ ಮೇಲೆ ಬಹುಕಾಲ ಒಂದು ಲಾಂಚು ಓಡಾಡುತ್ತಿತ್ತೆಂದೂ, ನಮ್ಮ ಮನೆಯ ದೀಪಕ್ಕಾಗಿ ಇಲ್ಲಿಯವರು ಅದನ್ನು ಕಾಯುತ್ತ ನಿಂತರೆಂದೂ ಅವರಿಗೆ ತಿಳಿಸಿದರೆ ಸಾಕು.